ಎತ್ತು, ಹೊತ್ತು, ಬದು: ಉತ್ತರ ಉಗಾಂಡಾದ ಅಚೋಲಿ ಒಕ್ಕಲುಗಳು ಯುದ್ಧದಲ್ಲಿ ಕಳೆದುಕೊಂಡದ್ದು

2005ರ ಜುಲೈನಲ್ಲಿ ಉಗಾಂಡಾದ ಆರೋಗ್ಯ ಸಚಿವಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಯುದ್ಧದಿಂದ ನೆಲೆ ತಪ್ಪಿದವರಿದ್ದ ದೇಶದ ಉತ್ತರ ಭಾಗದ ಶಿಬಿರಗಳಲ್ಲಿ ಸಾವಿನ ಲೆಕ್ಕ ತೆಗೆದವು. ಹತ್ತು ಸಾವಿರ ಜನಕ್ಕೆ ದಿನಕ್ಕೊಂದು ಸಾವು ದಾಟಿದರೆ ಅದನ್ನು ತುರ್ತು ಪರಿಸ್ಥಿತಿ ಎನ್ನುವುದು ವಾಡಿಕೆ. ಅಚೋಲಿ ಜನರ ಸೀಮೆಯಲ್ಲಿ ಅದು 1.54 ಇತ್ತು. ಮಾಮೂಲಿ ಕಾಲದಲ್ಲಿ ಸಾಯುತ್ತಿದ್ದವರಿಗಿಂತ ವಾರಕ್ಕೆ ಸುಮಾರು 1,000 ಮಂದಿ ಹೆಚ್ಚಾಗಿ ಸಾಯುತ್ತಿದ್ದರು. ಕಾರಣಗಳಲ್ಲಿ ಮುಂದಿದ್ದವು ಮಲೇರಿಯಾ ಮತ್ತು ಏಡ್ಸ್. ಗುಂಡಿಗೆ, ಕತ್ತಿಗೆ ಬಲಿಯಾದವರ ಸಂಖ್ಯೆ ಅವುಗಳಿಗಿಂತ ಕಡಿಮೆ.

ಸತ್ತವರಲ್ಲಿ ಬಹುಪಾಲು ಬೇಸಾಯದ ಮನೆಗಳವರು. ಅವರ ಹೊಲಗಳು ಶಿಬಿರದಿಂದ ಕೆಲವೇ ಮೈಲಿ ದೂರದಲ್ಲಿದ್ದವು, ಮಳೆ ಕೈಕೊಟ್ಟಿರಲಿಲ್ಲ, ಮಣ್ಣು ಚೆನ್ನಾಗಿಯೇ ಇತ್ತು. ಹಾಗಿದ್ದೂ ಊಟಕ್ಕೆ ಹೊರಗಿನಿಂದ ಬರುವ ಲಾರಿ ಕಾಯುವಂತಾದದ್ದು ಹೇಗೆ? ಮನೆಯೊಂದರ ಬದುಕು ಯಾವ ಕ್ರಮದಲ್ಲಿ ಕಳಚಿಕೊಂಡಿತು ಎಂದು ನೋಡಿದರೆ ಉತ್ತರ ಸಿಗುತ್ತದೆ. ಮೊದಲು ಎತ್ತು ಹೋಯಿತು, ಆಮೇಲೆ ಹೊಲದಲ್ಲಿ ಕಳೆಯುವ ಹೊತ್ತು ಹೋಯಿತು, ಕೊನೆಗೆ ಬದು ಎಲ್ಲಿತ್ತೆಂದು ಹೇಳುವವರೇ ಹೋದರು. ಗುಂಡಿನ ಸದ್ದು ನಿಂತ ಮೇಲೂ ಈ ಮೂರೂ ತಾವಾಗಿ ಹಿಂತಿರುಗಲಿಲ್ಲ.

ಯುದ್ಧಕ್ಕೆ ಮುಂಚಿನ ಮನೆ

2005ರಲ್ಲಿ ಗುಲು, ಕಿಟ್ಗುಮ್, ಪಾದೇರ್ ಜಿಲ್ಲೆಗಳಾಗಿದ್ದ ಈ ಸೀಮೆ ಸಮಭಾಜಕ ವೃತ್ತದಿಂದ ಸುಮಾರು 3 ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಳೆ, ನಡುವೆ ಸಣ್ಣದೊಂದು ಬಿಡುವು. ಮೊದಲ ಮಳೆಗೆ ರಾಗಿ, ಕಡಲೆಕಾಯಿ. ಎರಡನೆಯದಕ್ಕೆ ಎಳ್ಳು, ಜೋಳ. ರಾಗಿಯ ಜೊತೆ ತೊಗರಿಯನ್ನೂ ಬೆರೆಸಿ ಚೆಲ್ಲುತ್ತಾರೆ. ನಮ್ಮ ಅಕ್ಕಡಿ ಬೆಳೆಯಂತೆಯೇ, ಸಾಲು ಮಾತ್ರ ಇರುವುದಿಲ್ಲ. ಅಚೋಲಿ ಮಾತಿನಲ್ಲಿ ರಾಗಿ 'ಕಾಲ್', ತೊಗರಿ 'ಲಪೇನ', ಎಳ್ಳು 'ನ್ಯಿಮ್'. ರಾಗಿ ಹಿಟ್ಟು ತೊಳಸಿ ಮಾಡುವ ಗಟ್ಟಿ ಮುದ್ದೆ 'ಕ್ವೊನ್ ಕಾಲ್', ಅದಕ್ಕೆ ನಂಚಿಕೊಳ್ಳಲು ಎಳ್ಳು-ಕಡಲೆಕಾಯಿ ಅರೆದ 'ಓದಿ'. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ ಆದ್ದರಿಂದ ಮಂಡ್ಯ, ತುಮಕೂರಿನ ಕಡೆಯವರಿಗೆ ಈ ಊಟ ಪರಕೀಯವೆನಿಸದು.

ಇಂಥ ಮನೆ ನಿಂತಿದ್ದದ್ದು ಮೂರು ಆಸ್ತಿಗಳ ಮೇಲೆ. ಒಂದು, ದನ. ಉಳುಮೆ, ತೆರ (ಮದುವೆಯಲ್ಲಿ ಗಂಡಿನವರು ಹೆಣ್ಣಿನ ಮನೆಗೆ ಕೊಡುವುದು), ಮಕ್ಕಳ ಶಾಲೆಯ ಖರ್ಚು, ಆಸ್ಪತ್ರೆ ಎಲ್ಲಕ್ಕೂ ಅದೇ ಬ್ಯಾಂಕು. ಎರಡು, 'ದೇರೊ' ಎಂಬ ಕಣಜ. ರಾಗಿಗೆ ಹುಳ ಬೀಳುವುದು ಕಡಿಮೆ. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮಲ್ಲಿ ಹಗೇವಿನಲ್ಲಿ ಹೂತಿಡುತ್ತಿದ್ದುದೂ ಇದೇ ಧೈರ್ಯದಿಂದ. ಮೂರು, 'ಅವಾಕ್' ಎಂಬ ಮುಯ್ಯಾಳು ಪದ್ಧತಿ. ನೆರೆಯವರೆಲ್ಲ ಸರದಿಯಂತೆ ಒಬ್ಬೊಬ್ಬರ ಹೊಲಕ್ಕಿಳಿಯುತ್ತಾರೆ, ಹೊಲದವರು ಊಟಕ್ಕೂ ಮನೆಯಲ್ಲಿ ಕಾಯಿಸಿದ ಬಿಯರಿಗೂ ಏರ್ಪಾಡು ಮಾಡುತ್ತಾರೆ. ಇದನ್ನು ನಡೆಸುವವನಿಗೆ 'ರ್ವೊತ್ ಕ್ವೇರಿ' ಎಂದು ಹೆಸರು; ಗುದ್ದಲಿಯ ಯಜಮಾನ ಎಂದರ್ಥ. ಹೊಲದ ಜಗಳ ಬಂದಾಗ ಮೊದಲು ಕರೆಸುವುದೂ ಅವನನ್ನೇ.

ಎತ್ತು

1986ರ ಜನವರಿ 26ರಂದು ಬಂಡಾಯದ ನಾಯಕ ಯೊವೆರಿ ಮುಸೆವೆನಿಯವರ ಪಡೆ ರಾಜಧಾನಿ ಕಂಪಾಲಾ ಹಿಡಿಯಿತು. ಸೋತ ಸರ್ಕಾರಿ ಸೈನ್ಯದಲ್ಲಿ ಅಚೋಲಿಗಳು ಬಹಳ ಮಂದಿ ಇದ್ದರು. ಉತ್ತರಕ್ಕೆ ಓಡಿಬಂದ ಅವರಲ್ಲಿ ಕೆಲವರು ಅದೇ ವರ್ಷ ಬಂಡೆದ್ದರು. ಬಂಡಾಯದ ನಾಯಕಿ ಆಲಿಸ್ ಔಮಾ ಲಕ್ವೇನಾಳ ಪಡೆ 1987ರ ಕೊನೆಯಲ್ಲಿ ಜಿಂಜಾದ ಬಳಿ ಸೋತ ಮೇಲೆ ಉಳಿದುಕೊಂಡದ್ದು ಜೋಸೆಫ್ ಕೋನಿಯ ಗುಂಪು. ಮುಂದೆ ಅದು ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎನಿಸಿತು.

ಒಕ್ಕಲಿಗರಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಕೋನಿಯಿಂದಲ್ಲ, ದನ ಹೊಡೆದೊಯ್ಯುವವರಿಂದ. 1979ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಬಿದ್ದಾಗ ಪೂರ್ವದ ಕರಮೋಜ ಸೀಮೆಯವರು ಮೊರೊಟೊ ದಂಡಿನ ಮದ್ದುಗುಂಡಿನ ಕೊಠಡಿಯನ್ನು ಬರಿದು ಮಾಡಿದ್ದರು. ಈಟಿ ಹಿಡಿದು ದನ ಹೊಡೆದೊಯ್ಯುತ್ತಿದ್ದವರ ಕೈಗೆ ಬಂದೂಕು ಬಂತು. 1986ರ ನಂತರ ಅಚೋಲಿಯ ಕಾವಲುಪಡೆಗಳು ಚದುರಿದ್ದವು. ಎರಡು ಮೂರು ವರ್ಷಗಳೊಳಗೆ ಹಟ್ಟಿಗಳು ಖಾಲಿಯಾದವು. ಸೈನಿಕರೂ ದನ ಹೊಡೆದರು, ತಡೆಯಬಹುದಾದದ್ದನ್ನು ತಡೆಯಲಿಲ್ಲ ಎಂಬ ಆರೋಪ ಇಂದಿಗೂ ಇದೆ. ಪರಿಹಾರ ಕೇಳುವ ಅಹವಾಲುಗಳು ದಶಕಗಟ್ಟಲೆ ನಡೆದಿವೆ. ಹತ್ತು ವರ್ಷದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದನ ಹೋದವು.

ದನ ಹೋದದ್ದನ್ನು ಬರೀ ಬೆಲೆಯಲ್ಲಿ ಅಳೆದರೆ ಅರ್ಧ ಲೆಕ್ಕವೂ ಸಿಗುವುದಿಲ್ಲ. ಜೋಡೆತ್ತು ಬೆಳಗಿನ ತಂಪಿನಲ್ಲಿ ಸರಿಸುಮಾರು ಅರ್ಧ ಎಕರೆ ಉಳುತ್ತದೆ. ಗಟ್ಟಿ ನೆಲದಲ್ಲಿ ಗುದ್ದಲಿ ಹಿಡಿದ ಒಬ್ಬಾಳು ದಿನಕ್ಕೆ 200 ಚದರ ಮೀಟರ್ ಅಗೆದರೂ ಒಂದು ಎಕರೆಗೆ 20 ದಿನ. ಅಂದರೆ ಎತ್ತಿದ್ದ ಮನೆ ಎರಡು ಬೆಳಗಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹತ್ತು ದಿನ ಬಗ್ಗಬೇಕು. ಬಿತ್ತನೆಯ ಹದ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಜಮೀನು ಇದ್ದೂ ಬಿತ್ತನೆ ಎರಡು ಮೂರು ಎಕರೆಗೆ ಇಳಿಯಿತು.

ಇನ್ನೊಂದು ಪರಿಣಾಮ ಕಾಣಿಸಲು ಇಪ್ಪತ್ತು ವರ್ಷ ಬೇಕಾಯಿತು. ಅಚೋಲಿಗಳಲ್ಲಿ ತೆರ ಕೊಟ್ಟ ಮದುವೆಯ ಮಕ್ಕಳು ತಂದೆಯ ಕುಲದವರು. ಆ ಕುಲದ ಭೂಮಿಯಲ್ಲಿ ಅವರಿಗೆ ಪಾಲು. ತೆರ ಕೊಡದೆ ಮಗುವಾದರೆ ತಂದೆ 'ಲೂಕ್' ಎಂಬ ದಂಡ ಕಟ್ಟಿ ಮಗುವನ್ನು ತನ್ನ ಕುಲಕ್ಕೆ ಸೇರಿಸಿಕೊಳ್ಳಬೇಕು. ದನವೇ ಇಲ್ಲದ ಹುಡುಗರು ತೆರವನ್ನೂ ಕೊಡಲಿಲ್ಲ, ಲೂಕನ್ನೂ ಕಟ್ಟಲಿಲ್ಲ. ಹೀಗೆ ಕೂಡಿ ಬಾಳಿದವರ ಮಕ್ಕಳಿಗೆ ಭೂಮಿ ಯಾರ ಕಡೆಯದು ಎಂಬುದೇ ತೀರ್ಮಾನವಾಗಲಿಲ್ಲ.

ಹೊತ್ತು

1996ರಲ್ಲಿ ಸೈನ್ಯ ಗುಲು ಜಿಲ್ಲೆಯ ಹಳ್ಳಿಗರನ್ನು 'ಸಂರಕ್ಷಿತ ಗ್ರಾಮ'ಗಳಿಗೆ ಹೋಗುವಂತೆ ಮಾಡಿತು. 2002ರ ಮಾರ್ಚ್‌ನಲ್ಲಿ ಸುಡಾನಿನೊಳಗಿನ ಕೋನಿಯ ನೆಲೆಗಳ ಮೇಲೆ 'ಐರನ್ ಫಿಸ್ಟ್' ಕಾರ್ಯಾಚರಣೆ ಶುರುವಾಯಿತು. ಬಂಡುಕೋರರು ಮುಗಿಯಲಿಲ್ಲ, ಗಡಿ ದಾಟಿ ಊರುಗಳ ಮೇಲೇ ಬಂದರು. ಅದೇ ಅಕ್ಟೋಬರ್‌ನಲ್ಲಿ ಹಳ್ಳಿಗಳಲ್ಲಿ ಉಳಿದಿದ್ದವರಿಗೆ 48 ಗಂಟೆಯೊಳಗೆ ಶಿಬಿರ ಸೇರಲು ಹೇಳಲಾಯಿತು. ಹೊರಗೆ ಸಿಕ್ಕವರನ್ನು ಬಂಡುಕೋರರೆಂದೇ ಎಣಿಸುವುದಾಗಿ ಎಚ್ಚರಿಕೆ. 2005ರ ಹೊತ್ತಿಗೆ ಉತ್ತರದಲ್ಲಿ ನೆಲೆ ತಪ್ಪಿದವರು ಸುಮಾರು 18 ಲಕ್ಷ. ಅಚೋಲಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಶಿಬಿರದಲ್ಲಿದ್ದರು. ಪಾಬ್ಬೊ ಶಿಬಿರವೊಂದರಲ್ಲೇ 50,000ಕ್ಕೂ ಹೆಚ್ಚು ಜನ, ಗುಡಿಸಲಿಗೆ ಗುಡಿಸಲು ತಾಗುವಂತೆ. ಬೇಸಿಗೆಯಲ್ಲಿ ಒಂದು ಸೂರಿಗೆ ಕಿಡಿ ಬಿದ್ದರೆ ಸಾಲು ಸಾಲೇ ಸುಟ್ಟುಹೋಗುತ್ತಿತ್ತು.

ಬೇಸಾಯ ನಿಂತದ್ದು ಹೊಲ ದೂರವಾಯಿತೆಂದು ಮಾತ್ರವಲ್ಲ, ಹೊಲಕ್ಕೆ ಹೋಗುವ ಗಂಟೆಗಳು ತಪ್ಪಿದ್ದರಿಂದ. ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ: ದುಡಿಯುವ ಇಬ್ಬರು, ನಾಲ್ಕು ಮಕ್ಕಳು, ಹೊಲ 4 ಕಿಲೋಮೀಟರ್ ಆಚೆ. ಬೆಳಗ್ಗೆ ಒಂಬತ್ತಕ್ಕೆ ಹೊರಬಿಟ್ಟರು, ಸಂಜೆ ನಾಲ್ಕಕ್ಕೆ ಒಳಗಿರಬೇಕು ಎಂದರೆ ಸಿಗುವುದು 7 ಗಂಟೆ. ಹೋಗಲು ಒಂದು, ಬರಲು ಒಂದು, ಉಳಿದದ್ದು 5. ಹಳ್ಳಿಯಲ್ಲಿದ್ದಾಗ ಇದೇ ಮನೆಯವರು ಹೊತ್ತು ಮೂಡುವಾಗಲೇ ಗುದ್ದಲಿ ಹಿಡಿದು ಬಿಸಿಲೇರುವ ಮುನ್ನ ಕೆಲಸ ಮುಗಿಸುತ್ತಿದ್ದರು. ಈಗ ಸಿಕ್ಕ ಐದು ಗಂಟೆಯೂ ನಡುನೆತ್ತಿಯ ಬಿಸಿಲಿನದು. ಹೊಲ 8 ಕಿಲೋಮೀಟರ್ ಆಚೆಯಿದ್ದರೆ ಮೂರೇ ಗಂಟೆ, ಅದೂ ಸೈನಿಕರು ಅಷ್ಟು ದೂರ ಬಿಟ್ಟರೆ. ಬಂಡುಕೋರರು ಸುಳಿದಾಡಿದ ಸುದ್ದಿ ಬಂದ ದಿನ ಗೇಟೇ ತೆಗೆಯುವುದಿಲ್ಲ.

ಈ ಗಡಿಯಾರ ಒಂದೊಂದು ಬೆಳೆಗೆ ಒಂದೊಂದು ಬಗೆಯಲ್ಲಿ ಮುಳುವಾಯಿತು.

ರಾಗಿಗೆ ಕಳೆ. ಚೆಲ್ಲಿ ಬಿತ್ತಿದ ರಾಗಿಯಲ್ಲಿ ಕುಂಟೆ ಹಾಯಿಸಲು ಬರುವುದಿಲ್ಲ, ಕೂತೇ ಕೀಳಬೇಕು. ಅದರ ಮೇಲೆ ಕಾಡುರಾಗಿ ಬೇರೆ. ತೆನೆ ಹೊರಡುವವರೆಗೆ ಬೆಳೆ ಯಾವುದು ಕಳೆ ಯಾವುದು ಎಂದು ಪಳಗಿದ ಕಣ್ಣಿಗೂ ತಿಳಿಯುವುದು ಕಷ್ಟ. ಮೊದಲ ಕಳೆ ಎರಡು ವಾರ ತಡವಾದರೆ ಪೈರು ಮೇಲೇಳುವುದೇ ಇಲ್ಲ.

ಜೋಳಕ್ಕೆ ಹಕ್ಕಿ. ಗುಬ್ಬಿಯಂಥ ಹಕ್ಕಿಗಳು ತೆನೆಗೆ ಮುತ್ತುವುದು ನಸುಕಿನಲ್ಲಿ ಮತ್ತು ಸಂಜೆ. ಕವಣೆ ಹಿಡಿದ ಮಕ್ಕಳು ಹೊಲದಲ್ಲಿರಬೇಕಾದ ಆ ಎರಡು ಹೊತ್ತಿನಲ್ಲೇ ಜನರೆಲ್ಲ ಶಿಬಿರದೊಳಗೆ.

ಎಳ್ಳಿನದು ಇನ್ನೂ ಸೂಕ್ಷ್ಮ. ಬುಡದ ಕಾಯಿ ಹಳದಿಗೆ ತಿರುಗಿದ ಕೆಲವೇ ದಿನಗಳಲ್ಲಿ ಕೊಯ್ದು, ಕಂತೆ ಕಟ್ಟಿ, ಬಾಯಿ ಮೇಲೆ ಮಾಡಿ ಒರಗಿಸಿ ಒಣಗಿಸಬೇಕು. ತಡವಾದರೆ ಕಾಯಿ ಬಿರಿದು ಕಾಳು ನೆಲಕ್ಕೆ. ಗೇಟು ಒಂದು ವಾರ ಮುಚ್ಚಿತೆಂದರೆ ವರ್ಷದ ನಗದು ಬೆಳೆ ಇರುವೆಗಳ ಪಾಲು. ಅಚೋಲಿಯ ಒಕ್ಕಲು ಕೈಗೆ ದುಡ್ಡು ಕಾಣುತ್ತಿದ್ದುದು ಬಹುಮಟ್ಟಿಗೆ ಎಳ್ಳಿನಿಂದ. ಹಾಗಾಗಿ ಇದು ನೇರವಾಗಿ ಮಕ್ಕಳ ಪುಸ್ತಕಕ್ಕೆ, ಔಷಧಿಗೆ ಬಿದ್ದ ಹೊಡೆತ.

ಉಳಿದದ್ದು ಮರಗೆಣಸು ಮತ್ತು ಸಿಹಿಗೆಣಸು. ಮರಗೆಣಸು ಕಳೆಯನ್ನೂ ತಾಳಿಕೊಳ್ಳುತ್ತದೆ, ಕೊಯ್ಲಿಗೂ ಅವಸರಪಡಿಸುವುದಿಲ್ಲ. ನೆಲವೇ ಅದರ ಕಣಜ. ಈ ಕೊನೆಯ ಗುಣವೇ ದೊಡ್ಡದು, ಯಾಕೆಂದರೆ ಕಣಜ ತುಂಬಿಸಿಟ್ಟವರ ಮನೆಗೇ ಬಂಡುಕೋರರು ಮೊದಲು ಬರುತ್ತಿದ್ದರು. ಕಾಳು ಹೊರಲು ಆಳು ಬೇಕು. ಕಾಳಿನ ಜೊತೆ ಮಕ್ಕಳನ್ನೂ ಒಯ್ಯುತ್ತಿದ್ದರು. ಕೂಡಿಡುವುದೇ ಅಪಾಯವಾದಾಗ ಜಾಣ ಒಕ್ಕಲಿಗ ಕೂಡಿಡದೆ ಇರುವುದನ್ನು ಕಲಿಯುತ್ತಾನೆ. ಹೊರಗಿನವರು ಇದನ್ನು ಸೋಮಾರಿತನ, ನೆರವಿನ ಚಟ ಎಂದು ಓದಿದ್ದುಂಟು. ಅದು ತಪ್ಪು ಓದು. ಆದರೆ ಮರಗೆಣಸಿಗೂ ಕಾಲ ಸರಿಯಿರಲಿಲ್ಲ: 1990ರ ದಶಕದಲ್ಲಿ ಮೊಸಾಯಿಕ್ ನಂಜುರೋಗದ ತೀವ್ರ ರೂಪ ಉಗಾಂಡಾವನ್ನೆಲ್ಲ ಹಬ್ಬಿತ್ತು. ರೋಗ ತಡೆಯುವ ತಳಿಯ ಕಡ್ಡಿ ಸಿಕ್ಕವರಿಗೆ ಗೆಡ್ಡೆ, ಸಿಗದವರಿಗೆ ಮುದುಡಿದ ಎಲೆ.

ಶಿಬಿರದೊಳಗಿನ ಸಂಸಾರ

ವಿಶ್ವ ಆಹಾರ ಕಾರ್ಯಕ್ರಮದ ಪಡಿತರವೇ ಆಧಾರವಾಯಿತು. ಇಂಥ ಕಡೆ ಪೂರ್ತಿ ಪಡಿತರವೆಂದರೆ ತಲೆಗೆ ದಿನಕ್ಕೆ ಸುಮಾರು 2,100 ಕ್ಯಾಲರಿ: 400 ಗ್ರಾಂ ಮೆಕ್ಕೆಜೋಳ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, ಒಂದಿಷ್ಟು ಮೆಕ್ಕೆಜೋಳ-ಸೋಯಾ ಹಿಟ್ಟು, ಹೀಗೆ. ನಮ್ಮ ಲೆಕ್ಕದ ಆರು ಜನರ ಮನೆಗೆ ತಿಂಗಳಿಗೆ 72 ಕಿಲೋ ಮೆಕ್ಕೆಜೋಳ. ಬಹುತೇಕರಿಗೆ ಬರುತ್ತಿದ್ದುದು ಇದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದನ್ನು ಅವರೇ ಬೆಳೆದುಕೊಳ್ಳುತ್ತಾರೆಂಬ ಎಣಿಕೆ. ಅರ್ಧ ಪಡಿತರವೆಂದರೆ 36 ಕಿಲೋ. ಅದು ಇಡೀ ಕಾಳು. ಬೀಸಿಸಲು ಗಿರಣಿಗೆ ದುಡ್ಡು ಕೊಡಬೇಕು, ಇಲ್ಲವೇ ಕಾಳಿನಲ್ಲೇ ಮುರಿದುಕೊಳ್ಳುತ್ತಾರೆ. ಉಪ್ಪು, ಸಾಬೂನು, ಸೌದೆಗೆ ಇನ್ನೊಂದಿಷ್ಟು ಮಾರಬೇಕು. ಪಡಿತರ ಮಾರಿಕೊಳ್ಳುತ್ತಾರೆ ಎಂದು ಮೂಗು ಮುರಿಯುವವರು ಸೌದೆಯಿಲ್ಲದೆ ಮೆಕ್ಕೆಜೋಳ ಬೇಯಿಸುವುದು ಹೇಗೆಂದು ಹೇಳಿಕೊಡಬೇಕಷ್ಟೇ.

ದುಡಿಮೆಯ ದಾರಿಗಳು ಕೆಲವೇ. 'ಲೆಜಾ ಲೆಜಾ', ಅಂದರೆ ಶಿಬಿರದ ಅಂಚಿನ ಹೊಲಗಳಲ್ಲಿ ದಿನಗೂಲಿ. ಸಾವಿರಾರು ಜನ ಅದೇ ಕೂಲಿಗೆ ನಿಂತಾಗ ದರ ಏಳುವುದುಂಟೇ? ಇದ್ದಿಲು ಸುಡುವುದು, ಹುಲ್ಲು ಸೌದೆ ಮಾರುವುದು. ಇದಕ್ಕೆ ಶಿಬಿರದ ಎಲ್ಲೆ ದಾಟಿ ಹೋಗಬೇಕು, ಸಿಕ್ಕಿಬಿದ್ದರೆ ಎರಡೂ ಕಡೆಯವರಿಂದ ಏಟು. ಹೆಂಗಸರು 'ಕ್ವೇತೆ' ಬಿಯರು ಕಾಯಿಸಿದರು, 'ಅರೆಗೆ' ಸಾರಾಯಿ ಭಟ್ಟಿ ಇಳಿಸಿದರು. ಮನೆಯ ಖರ್ಚು ನಡೆದದ್ದು ಅದರಿಂದ, ಕೆಲಸವಿಲ್ಲದೆ ಕೂತ ಗಂಡಸರು ಹಾಳಾದದ್ದೂ ಅದರಿಂದ.

ಮಕ್ಕಳ ಲೆಕ್ಕ ಬೇರೆಯೇ ಇದೆ. ಅಪಹರಣದ ಭಯಕ್ಕೆ ಪ್ರತಿ ಸಂಜೆ ಮಕ್ಕಳು ಗುಲು, ಕಿಟ್ಗುಮ್ ಪಟ್ಟಣಗಳಿಗೆ ನಡೆದು ಹೋಗಿ ಬಸ್ ನಿಲ್ದಾಣ, ಆಸ್ಪತ್ರೆಯ ಅಂಗಳ, ಜಗಲಿಗಳಲ್ಲಿ ಮಲಗಿ ಬೆಳಗ್ಗೆ ಮರಳುತ್ತಿದ್ದರು. 2004ರ ಸುಮಾರಿಗೆ ಹೀಗೆ ನಡೆಯುತ್ತಿದ್ದವರು 40,000ದವರೆಗೆ ಮುಟ್ಟಿದ್ದರೆಂಬ ಅಂದಾಜಿದೆ. ಅಪಹರಣವಾಗಿ ಹಿಂತಿರುಗಿದ ಯುವಕರ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರನ್ನು ಅಪಹರಣವಾಗದವರ ಜೊತೆ ಹೋಲಿಸಿತು. ಶಾಲೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ನಷ್ಟ, ಕುಶಲ ಕೆಲಸದಲ್ಲಿರುವವರು ಅರ್ಧದಷ್ಟು, ಗಳಿಕೆ ಮೂರರಲ್ಲಿ ಒಂದು ಪಾಲು ಕಡಿಮೆ. ತೀವ್ರ ಮಾನಸಿಕ ಯಾತನೆ ಕಂಡದ್ದು ಹೆಚ್ಚಾಗಿ ಅತಿ ಘೋರ ಹಿಂಸೆ ಅನುಭವಿಸಿದವರಲ್ಲಿ; ಉಳಿದವರನ್ನು ಹಿಂದಕ್ಕೆಳೆದದ್ದು ತಪ್ಪಿದ ಓದು ಮತ್ತು ಕಲಿಯದೆ ಹೋದ ಕಸುಬು. ಆಪ್ತ ಸಮಾಲೋಚನೆಯ ಜೊತೆಗೆ ಶಾಲೆ, ಕಸುಬುಗಳಿಗೂ ಅಷ್ಟೇ ಹಣ ಹೋಗಬೇಕಿತ್ತು ಎನ್ನಲು ಇದು ಸಾಕು.

ಬದು

2006ರ ಆಗಸ್ಟ್ 26ರಂದು ಸುಡಾನಿನ ದಕ್ಷಿಣದ ಜುಬಾ ಪಟ್ಟಣದಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಅಂತಿಮ ಒಪ್ಪಂದಕ್ಕೆ ಕೋನಿ ಸಹಿ ಹಾಕಲೇ ಇಲ್ಲ, ಆದರೂ ಅವನ ಪಡೆ ಉಗಾಂಡಾ ಬಿಟ್ಟಿತ್ತು. ಜನ ಮನೆಗೆ ಹೊರಟರು. ಆದರೆ ಒಂದೇ ಸಲಕ್ಕೆ ಅಲ್ಲ.

ಗುಡಿಸಲಿಗೆ ಹೊದಿಸುವ ಹುಲ್ಲು ಸಿಗುವುದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಅದೂ ಕಾಳ್ಗಿಚ್ಚು ಮುಟ್ಟದೆ ಉಳಿದಿದ್ದರೆ. ನೆಲ ಅಗೆಯಬೇಕಾದದ್ದು ಮಾರ್ಚ್‌ನಲ್ಲಿ. ನೆರವಾಗಿ ಬರುವ ಬೀಜ, ಗುದ್ದಲಿ, ಟಾರ್ಪಾಲಿನ ಕಟ್ಟು ಮೇ ತಿಂಗಳಲ್ಲಿ ಕೈಸೇರಿದರೆ ಆ ವರ್ಷ ಸೂರೂ ಇಲ್ಲ, ರಾಗಿಯೂ ಇಲ್ಲ. ಅನುಭವಸ್ಥ ಮನೆಗಳು ಹೀಗೆ ಮಾಡಿದವು: ಮೊದಲ ವರ್ಷ ದುಡಿಯುವವರು ಮಾತ್ರ ಹೋಗಿ ಮರಗೆಣಸು ಊರಿ ಬಂದರು, ಎರಡನೆಯ ಬೇಸಿಗೆಯಲ್ಲಿ ಗುಡಿಸಲು, ಶಾಲೆ ನೀರು ಎರಡೂ ಇರುವ ಶಿಬಿರದಲ್ಲಿ ಮಕ್ಕಳು ಅಜ್ಜಿಯ ಜೊತೆ ಅಲ್ಲಿಯವರೆಗೆ. ಪಡಿತರದ ಪಟ್ಟಿ ಮಾಡುವವರ ಕಣ್ಣಿಗೆ ಇದು ಎರಡು ಕಡೆ ಹೆಸರು ಬರೆಸಿದ ಮೋಸದಂತೆ ಕಂಡದ್ದೂ ಉಂಟು.

ಹೊಲ ಎಂದುಕೊಂಡಿದ್ದದ್ದು ಕಾಡಾಗಿತ್ತು. ಹತ್ತು ವರ್ಷ ಬೀಳು ಬಿದ್ದ ನೆಲದಲ್ಲಿ ಬೇರು, ಬೊಡ್ಡೆ. ದಾನವಾಗಿ ಬಂದ ನೇಗಿಲಿನ ಗುಳ ಅದಕ್ಕೆ ತಾಗಿ ಮುರಿದರೆ ಬಿಡಿಭಾಗ ಸಿಗುವುದು ಪಟ್ಟಣದಲ್ಲಿ. ಕೊಟ್ಟ ಹೋರಿಗಳಿಗೆ ನೊಗ ಗೊತ್ತಿಲ್ಲ. ಪಳಗಿಸಬಲ್ಲ ಮುದುಕರು ಸತ್ತಿದ್ದಾರೆ, ಮಕ್ಕಳು ಎತ್ತನ್ನೇ ಕಾಣದೆ ಬೆಳೆದವರು. ಪೊದೆ ಬೆಳೆದಲ್ಲಿ ಟ್ಸೆಟ್ಸೆ ನೊಣ, ನೊಣದಿಂದ ದನಕ್ಕೆ ನಗಾನ ರೋಗ. ಬೊಡ್ಡೆ ಕೀಳಿಸಲು ಒಂದು ವರ್ಷದ ಕೂಲಿ ಕೊಟ್ಟು, ಆಮೇಲೆ ಎತ್ತು ಕೊಡುವುದೇ ಸರಿಯಾದ ಕ್ರಮ. ತಿರುಗುಮುರುಗಾದ ಕಡೆ ಎತ್ತು ಮಾಂಸದಂಗಡಿಗೆ ಹೋಯಿತು.

ಎಲ್ಲಕ್ಕಿಂತ ಬಿಗಿಯಾದ ಗಂಟು ಭೂಮಿಯದು. ಉಗಾಂಡಾದ 1995ರ ಸಂವಿಧಾನ ಕುಲದ ಸಂಪ್ರದಾಯದಂತೆ ನಡೆದುಬಂದ ಹಿಡುವಳಿಯನ್ನೂ ಮಾನ್ಯ ಮಾಡುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಪಹಣಿಯಂಥ ಕಾಗದವಿಲ್ಲ. ಗುರುತೆಂದರೆ ಒಂದು ಹಳೆಯ ಮರ, ಹುತ್ತ, ಹಳ್ಳ, ತಾತನ ಗೋರಿ. ಸಾಕ್ಷಿಯೆಂದರೆ ಹಿರಿಯರ ಬಾಯಿ. ಮರಗಳು ಇದ್ದಿಲಾಗಿದ್ದವು, ಹಿರಿಯರಲ್ಲಿ ಎಷ್ಟೋ ಮಂದಿ ಶಿಬಿರದಲ್ಲೇ ತೀರಿಹೋಗಿದ್ದರು. 1996ರಲ್ಲಿ ಶಿಬಿರದಲ್ಲಿ ಹುಟ್ಟಿದವನು ಹತ್ತು ಹನ್ನೆರಡರ ಪ್ರಾಯದಲ್ಲಿ ಮೊದಲ ಸಲ 'ನಮ್ಮ ಹೊಲ' ನೋಡಿದ. ವಿಧವೆಯನ್ನು ಮೈದುನ ಹೊಲಕ್ಕೆ ಕಾಲಿಡಲು ಬಿಡಲೊಲ್ಲ. ತೆರ ಕೊಟ್ಟಿಲ್ಲವಲ್ಲ, ನೀನು ನಮ್ಮವಳೇ ಅಲ್ಲ ಎಂದ. 1987ರಲ್ಲಿ ಹೋದ ದನ 2008ರಲ್ಲಿ ಹೀಗೆ ಹೊಲವನ್ನೂ ಕೊಂಡೊಯ್ದಿತು. ಬಂಡುಕೋರರ ಬಳಿ ಹುಟ್ಟಿದ ಮಕ್ಕಳಿಗಂತೂ ತಂದೆಯ ಕುಲ ಯಾವುದೆಂದೇ ತಿಳಿಯದು. ಕುಲದ ಹಿರಿಯರು ಒಂದು ಹೇಳುತ್ತಾರೆ, ಸ್ಥಳೀಯ ಕೌನ್ಸಿಲಿನ ನ್ಯಾಯಾಲಯ ಇನ್ನೊಂದು. ಸೋತವನು ಮತ್ತೊಂದು ಕಡೆಗೆ ಹೋಗುತ್ತಾನೆ.

ಶಿಬಿರಗಳಿದ್ದದ್ದೂ ಯಾರದೋ ಜಮೀನಿನಲ್ಲೇ. ಅವರು ಭೂಮಿ ವಾಪಸು ಕೇಳಿದಾಗ ಸಾವಿರಾರು ಕಕ್ಕಸು ಗುಂಡಿ ಮುಚ್ಚಬೇಕು, ಹೂತವರನ್ನು ತೆಗೆದು ತಮ್ಮ ನೆಲಕ್ಕೆ ಒಯ್ದು ಮಣ್ಣು ಮಾಡಬೇಕು, ಅದರ ಶಾಸ್ತ್ರಕ್ಕೆ ಆಡು ಬೇಕು. ಕೊನೆಯಲ್ಲಿ ಶಿಬಿರದಲ್ಲಿ ಉಳಿದವರು ಮುದುಕರು, ಅಂಗವಿಕಲರು, ಹೋಗಲು ಹೊಲವಿಲ್ಲದ ಹೆಂಗಸರು.

ದುಡ್ಡು ಕೊಟ್ಟಾಗ

ನೆರವಿನಲ್ಲಿ ಯಾವುದು ಫಲಿಸಿತೆಂದು ಅಳೆದು ನೋಡಿದ ಎರಡು ಉದಾಹರಣೆಗಳಿವೆ. 2008ರಲ್ಲಿ ಸರ್ಕಾರ ಉತ್ತರದ ಯುವಕರ ಗುಂಪುಗಳಿಗೆ ಒಬ್ಬೊಬ್ಬರಿಗೆ ಸರಾಸರಿ 382 ಡಾಲರ್‌ನಂತೆ ಕೊಟ್ಟಿತು, ಮೇಲುಸ್ತುವಾರಿಯಿಲ್ಲದೆ. ಬಡಗಿ, ದರ್ಜಿ, ವೆಲ್ಡಿಂಗ್ ಕಲಿತು ಉಪಕರಣ ಕೊಂಡರು. ನಾಲ್ಕು ವರ್ಷದ ನಂತರ ಹಣ ಸಿಗದವರಿಗಿಂತ ಅವರ ಗಳಿಕೆ ಶೇ. 38ರಷ್ಟು ಹೆಚ್ಚಿತ್ತು. ಒಂಬತ್ತು ವರ್ಷಕ್ಕೆ ಆ ಅಂತರ ಅಳಿಸಿಹೋಯಿತು, ಏಕೆಂದರೆ ಸಿಗದವರೂ ಮೇಲೆ ಬಂದಿದ್ದರು. ಇನ್ನೊಂದು, ಕಡುಬಡ ಹೆಂಗಸರಿಗೆ 150 ಡಾಲರ್, ಐದು ದಿನದ ವ್ಯಾಪಾರ ತರಬೇತಿ, ಆಗಾಗ ಭೇಟಿ. ಎಣ್ಣೆ, ಉಪ್ಪು, ಒಣಮೀನು ಮಾರುವಂಥ ಚಿಲ್ಲರೆ ವ್ಯಾಪಾರ ಹಿಡಿದವರ ಗಳಿಕೆ ವರ್ಷದ ಮೇಲೆ ನಾಲ್ಕು ತಿಂಗಳಲ್ಲಿ ಇಮ್ಮಡಿಯ ಹತ್ತಿರ ಬಂತು. ಎರಡರಲ್ಲೂ ಏನು ಕೊಳ್ಳಬೇಕೆಂದು ತೀರ್ಮಾನಿಸಿದವರು ಪಡೆದವರೇ.

ಹೇಳಲೇಬೇಕಾದ ಇನ್ನೊಂದು ಆಸರೆ ಯಾರ ಯೋಜನೆಯಲ್ಲೂ ಇರಲಿಲ್ಲ. 2005ರಲ್ಲಿ ಸುಡಾನಿನ ಶಾಂತಿ ಒಪ್ಪಂದವಾಗಿ ಜುಬಾ ಪಟ್ಟಣ ಬೆಳೆಯಿತು. ಗುಲುವಿನಿಂದ ಗಡಿಯೂರು ನಿಮುಲೆಯ ದಾರಿಯಲ್ಲಿ ಕಾಳು, ಗೆಣಸು ತುಂಬಿದ ಲಾರಿಗಳು ಉತ್ತರಕ್ಕೆ ಹೊರಟವು. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿನಲ್ಲೇ ಯುದ್ಧ ಹೊತ್ತಿಕೊಂಡಾಗ ಆ ಗಿರಾಕಿಗೂ ಪೆಟ್ಟು ಬಿತ್ತು.

ಕೋನಿಯ ದಳಪತಿಗಳಲ್ಲೊಬ್ಬನಾದ ಡೊಮಿನಿಕ್ ಒಂಗ್ವೆನ್‌ಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ 25 ವರ್ಷ ಶಿಕ್ಷೆ ಕೊಟ್ಟಿತು. ಅವನೂ ಬಾಲಕನಾಗಿದ್ದಾಗ ಅಪಹರಣವಾದವನೇ. 2024ರ ಫೆಬ್ರವರಿಯ ಆದೇಶದಂತೆ ಪಜುಲೆ, ಒದೆಕ್, ಲುಕೋದಿ, ಅಬೋಕ್ ಶಿಬಿರಗಳ ಮೇಲಿನ ದಾಳಿಯ ಸಂತ್ರಸ್ತರೂ ಸೇರಿ ಸುಮಾರು 50,000 ಮಂದಿಗೆ ಪರಿಹಾರ ಸಲ್ಲಬೇಕು. ಒಟ್ಟು ಮೊತ್ತ 5.2 ಕೋಟಿ ಯೂರೋಗೂ ಮೇಲೆ, ಸಾಂಕೇತಿಕವಾಗಿ ತಲಾ 750 ಯೂರೋ. ಅಲ್ಲಿನ ಸಂತೆಯಲ್ಲಿ ಅದು ಸರಿಸುಮಾರು ಒಂದು ಜೋಡಿ ಎತ್ತಿನ ಬೆಲೆ. ಒಂಗ್ವೆನ್ ಬಳಿ ಆಸ್ತಿಯಿಲ್ಲ; ಹಣವನ್ನು ಸಂತ್ರಸ್ತರ ನಿಧಿ ದಾನಿಗಳಿಂದ ಕೂಡಿಸಬೇಕು.